ಮಂಡಕಳ್ಳಿಯಿಂದ ದೇವನಹಳ್ಳಿಗೆ: ದೂರದ ಲೆಕ್ಕ ಬೇರೆ, ಹೊತ್ತಿನ ಲೆಕ್ಕ ಬೇರೆ

ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದಿಂದ ದೇವನಹಳ್ಳಿ ಬಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಸುಮಾರು 157 ಕಿ.ಮೀ. ರಸ್ತೆಯಲ್ಲಿ ಹೋದರೆ 190ರಿಂದ 200 ಕಿ.ಮೀ.; ಬೆಂಗಳೂರನ್ನು ಯಾವ ಬದಿಯಿಂದ ದಾಟುತ್ತೇವೆ ಎಂಬುದರ ಮೇಲೆ ಸ್ವಲ್ಪ ಹೆಚ್ಚು ಕಡಿಮೆ. ಇವೆರಡೂ ಸ್ಥಿರ ಸಂಖ್ಯೆಗಳು, ಯಾವ ಮೊಬೈಲ್ ನಕ್ಷೆಯಲ್ಲಾದರೂ ಸಿಗುತ್ತವೆ. ಆದರೆ ಮೈಸೂರಿನ ಮನೆಯಲ್ಲಿ ಸೂಟ್‌ಕೇಸ್ ತುಂಬಿಸುತ್ತಿರುವವರಿಗೆ ಬೇಕಾದ ಉತ್ತರ ಇವುಗಳಲ್ಲಿಲ್ಲ. ಅವರ ಪ್ರಶ್ನೆ ಒಂದೇ: ನಾಳೆ ಬೆಳಿಗ್ಗೆ ಎಂಟು ಗಂಟೆಯ ವಿಮಾನಕ್ಕೆ ಎಷ್ಟು ಹೊತ್ತಿಗೆ ಮನೆ ಬಿಡಬೇಕು?

ಈ ಪ್ರಶ್ನೆಗೆ ಮೈಸೂರಿನಲ್ಲಿ ಒಬ್ಬೊಬ್ಬರೂ ಒಂದೊಂದು ಉತ್ತರ ಕೊಡುತ್ತಾರೆ. ಮಧ್ಯರಾತ್ರಿ ಹೊರಟುಬಿಡಿ ಎನ್ನುವವರಿದ್ದಾರೆ, ಹಿಂದಿನ ದಿನವೇ ಹೋಗಿ ಬೆಂಗಳೂರಿನ ನೆಂಟರ ಮನೆಯಲ್ಲಿ ಉಳಿಯಿರಿ ಎನ್ನುವವರಿದ್ದಾರೆ. ಎರಡೂ ಸರಿಯಾದ ಸಲಹೆಗಳೇ. ಸುಮಾರು ಸಾವಿರದ ಏಳುನೂರು ಕಿ.ಮೀ. ದೂರದ ದೆಹಲಿಗೆ ವಿಮಾನದಲ್ಲಿ ಮೂರು ಗಂಟೆಯೊಳಗೆ ಹೋಗಿ ಇಳಿಯಬಹುದು; ಆ ವಿಮಾನವನ್ನು ಹತ್ತಲು ಇನ್ನೂರು ಕಿ.ಮೀ.ಗೆ ಒಂದು ರಾತ್ರಿಯ ನಿದ್ದೆಯನ್ನೇ ಬಿಡಬೇಕು. ಹತ್ತು ಪಥದ ಹೆದ್ದಾರಿ, ಜೋಡಿ ಹಳಿ, ಊರಿನದ್ದೇ ಆದ ಒಂದು ವಿಮಾನ ನಿಲ್ದಾಣ ಎಲ್ಲವೂ ಇದ್ದು ಹೀಗಾಗುತ್ತಿದೆ. ಏಕೆ ಎಂಬುದನ್ನು ಬಿಡಿಸಿ ನೋಡಬೇಕಾಗಿದೆ.

ಮೊದಲು ರಸ್ತೆ. ಬೆಂಗಳೂರು–ಮೈಸೂರು ಹೆದ್ದಾರಿ, ಅಂದರೆ ರಾಷ್ಟ್ರೀಯ ಹೆದ್ದಾರಿ 275ರ ಹೊಸ ರೂಪ, ಉದ್ಘಾಟನೆಯಾದದ್ದು 2023ರ ಮಾರ್ಚ್ 12ರಂದು, ಮಂಡ್ಯ ಜಿಲ್ಲೆಯ ನೆಲದಲ್ಲಿ. ಉದ್ದ 118 ಕಿ.ಮೀ., ವೆಚ್ಚ ಸುಮಾರು 8,480 ಕೋಟಿ ರೂಪಾಯಿ. ನಡುವೆ ಆರು ಪಥದ ಮುಖ್ಯ ರಸ್ತೆ, ಎರಡು ಬದಿಗೂ ಎರಡೆರಡು ಪಥದ ಸರ್ವೀಸ್ ರಸ್ತೆ. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಈ ಎಲ್ಲ ಊರುಗಳಿಗೂ ಬೈಪಾಸ್. ಮೂರು ಗಂಟೆಯ ದಾರಿ ಒಂದೂವರೆ ಗಂಟೆಗೆ ಇಳಿಯಿತು ಎಂದು ಆಗ ಹೇಳಿದ್ದು ಈ 118 ಕಿ.ಮೀ.ಗೆ ಸಂಬಂಧಿಸಿದಂತೆ ಸುಳ್ಳಲ್ಲ. ಮೈಸೂರಿನ ವರ್ತುಲ ರಸ್ತೆ ಬಿಟ್ಟು ಗಂಟೆಗೆ ನೂರು ಕಿ.ಮೀ. ಮಿತಿಯೊಳಗೆ ಸಾಗಿದರೂ ಕುಂಬಳಗೋಡಿನ ಹತ್ತಿರಕ್ಕೆ ಒಂದೂಕಾಲು, ಒಂದೂವರೆ ಗಂಟೆಯಲ್ಲಿ ಬರಬಹುದು.

ಆದರೆ ಕುಂಬಳಗೋಡು ಬೆಂಗಳೂರಿನ ನೈಋತ್ಯದಲ್ಲಿದೆ, ವಿಮಾನ ನಿಲ್ದಾಣ ಈಶಾನ್ಯದಲ್ಲಿ. ಮೈಸೂರಿನಿಂದ ಬರುವವರು ಇಡೀ ಮಹಾನಗರವನ್ನು ಮೂಲೆಯಿಂದ ಮೂಲೆಗೆ ದಾಟಬೇಕು. ಕೆಂಗೇರಿ ಮೇಲೆ ನಗರದೊಳಗೆ ನುಗ್ಗಿ ಹೆಬ್ಬಾಳದ ಕಡೆ ಹೋಗುವುದು ಒಂದು ದಾರಿ. ನಗರದ ಹೊರವಲಯದ ಟೋಲ್ ರಸ್ತೆಯಾದ ನೈಸ್ ರಸ್ತೆ ಹಿಡಿದು ತುಮಕೂರು ರಸ್ತೆಗೆ ಇಳಿದು ಅಲ್ಲಿಂದ ಯಲಹಂಕದ ಕಡೆ ತಿರುಗುವುದು ಇನ್ನೊಂದು. ಎರಡರಲ್ಲೂ ಉಳಿದಿರುವುದು ಅರವತ್ತು ಎಪ್ಪತ್ತು ಕಿ.ಮೀ. ಮಾತ್ರ, ಅಂದರೆ ಒಟ್ಟು ದಾರಿಯ ಮೂರನೇ ಒಂದು ಭಾಗ. ಹಗಲಿನಲ್ಲಿ ಅದಕ್ಕೆ ತಗಲುವ ಹೊತ್ತು ಮಾತ್ರ ಉಳಿದ ಮೂರನೇ ಎರಡು ಭಾಗಕ್ಕೆ ತಗಲುವುದಕ್ಕಿಂತ ಹೆಚ್ಚು. ನಸುಕಿನ ಮೂರು ಗಂಟೆಗೆ ಇದೇ ತುಂಡನ್ನು ಒಂದೂಕಾಲು ಗಂಟೆಯಲ್ಲಿ ಮುಗಿಸಬಹುದು. ಸಂಜೆ ಆರಕ್ಕೆ ಮೂರು ಗಂಟೆಯೂ ಸಾಲದೆ ಹೋಗಬಹುದು. ಹೆದ್ದಾರಿಯಲ್ಲಿ ಉಳಿಸಿದ ಒಂದೂವರೆ ಗಂಟೆಯನ್ನು ಬೆಂಗಳೂರಿನ ಸಿಗ್ನಲ್‌ಗಳಲ್ಲಿ ಹಾಗೆಯೇ ಕಕ್ಕಿಬಿಡುತ್ತೇವೆ.

ಇಲ್ಲಿ ನನಗೆ ಮುಖ್ಯವಾಗಿ ಕಾಣುವ ಸಂಗತಿ ಸರಾಸರಿ ಸಮಯವಲ್ಲ. ಒಳ್ಳೆಯ ದಿನ ಮೈಸೂರಿನ ಮನೆಯಿಂದ ನಿಲ್ದಾಣದ ಬಾಗಿಲಿಗೆ ಮೂರೂವರೆ ಗಂಟೆ ಎಂದಿಟ್ಟುಕೊಳ್ಳೋಣ, ಕೆಟ್ಟ ದಿನ ಐದೂವರೆ. ಕಚೇರಿ ಕೆಲಸಕ್ಕೆ ಬೆಂಗಳೂರಿಗೆ ಹೋಗುವವರು ನಾಲ್ಕು ನಾಲ್ಕೂವರೆ ಎಂದು ಅಂದಾಜು ಹಾಕಿ ಹೊರಡಬಹುದು. ತಡವಾದರೆ ಒಂದು ಫೋನ್ ಮಾಡಿದರಾಯಿತು. ವಿಮಾನಕ್ಕೆ ಹೊರಡುವವರಿಗೆ ಆ ಅನುಕೂಲ ಇಲ್ಲ. ದೇಶದೊಳಗಿನ ವಿಮಾನದ ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ಹೊರಡುವ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ಐದು ನಿಮಿಷ ತಡವಾದರೂ ಟಿಕೆಟ್ ಹಣ ಹೋಯಿತು, ಮುಂದಿನ ಸಂಪರ್ಕ ವಿಮಾನವೂ ಹೋಯಿತು. ಹಾಗಾಗಿ ವಿಮಾನದ ಪ್ರಯಾಣಿಕರು ಯಾವಾಗಲೂ ಕೆಟ್ಟ ದಿನದ ಲೆಕ್ಕದಲ್ಲೇ ಹೊರಡಬೇಕು. ದಾರಿ ಚೆನ್ನಾಗಿದ್ದರೆ ಉಳಿದ ಎರಡು ಗಂಟೆಯನ್ನು ನಿಲ್ದಾಣದ ಕುರ್ಚಿಯಲ್ಲಿ ಕಳೆಯಬೇಕು. ಆ ಎರಡು ಗಂಟೆ ಯಾವ ನಕ್ಷೆಯಲ್ಲೂ ಕಾಣುವುದಿಲ್ಲ, ಯಾವ ಉದ್ಘಾಟನಾ ಭಾಷಣದಲ್ಲೂ ಬರುವುದಿಲ್ಲ. ಮೈಸೂರಿನವರು ಪ್ರತಿ ಸಲವೂ ಅದನ್ನು ತೆರುತ್ತಿದ್ದಾರೆ.

ಇದರ ಭಾರ ಹೆಚ್ಚು ಬೀಳುವುದು ವಯಸ್ಸಾದವರ ಮೇಲೆ. ಮಕ್ಕಳು ಅಮೆರಿಕದಲ್ಲೋ ಯುರೋಪಿನಲ್ಲೋ ಇರುವ ನಿವೃತ್ತ ದಂಪತಿಗಳು ಮೈಸೂರಿನ ಬಡಾವಣೆ ಬಡಾವಣೆಯಲ್ಲೂ ಇದ್ದಾರೆ. ಪಶ್ಚಿಮಕ್ಕೆ ಹೋಗುವ ದೂರದ ವಿಮಾನಗಳಲ್ಲಿ ಹಲವು ಹೊರಡುವುದು ನಡುರಾತ್ರಿ ಕಳೆದ ಮೇಲೆ. ಮೂರು ಗಂಟೆ ಮೊದಲು ನಿಲ್ದಾಣದಲ್ಲಿರಬೇಕು ಎಂದರೆ ಮೈಸೂರು ಬಿಡುವುದು ಸಂಜೆ ನಾಲ್ಕೈದು ಗಂಟೆಗೆ, ಬೆಂಗಳೂರಿಗೆ ಬಂದು ಮುಟ್ಟುವುದು ಸರಿಯಾಗಿ ಕಚೇರಿಗಳು ಬಿಡುವ ಹೊತ್ತಿಗೆ. ಎಪ್ಪತ್ತು ದಾಟಿದವರು ಹದಿನೈದು ಇಪ್ಪತ್ತು ಗಂಟೆಗಳ ವಿಮಾನಯಾನ ಶುರುವಾಗುವ ಮೊದಲೇ ದಣಿದಿರುತ್ತಾರೆ. ಕೆಎಸ್‌ಆರ್‌ಟಿಸಿಯ ಫ್ಲೈಬಸ್ ಇಂಥವರಿಗೆ ನಿಜವಾಗಿಯೂ ದೊಡ್ಡ ಆಸರೆ. ಟ್ಯಾಕ್ಸಿಯ ಬಾಡಿಗೆಯ ಒಂದು ಚಿಕ್ಕ ಭಾಗಕ್ಕೆ, ಸಾಮಾನನ್ನು ಕೆಳಗಿಟ್ಟು ಕೂತರೆ ನಿಲ್ದಾಣದ ಬಾಗಿಲಲ್ಲೇ ಇಳಿಸುವ ಸೇವೆ ಅದು. ಆದರೆ ಬಸ್ಸಿಗೂ ಬೆಂಗಳೂರಿನ ಸಂಜೆ ಒಂದೇ, ಕಾರಿಗೂ ಒಂದೇ.

ಹೆದ್ದಾರಿಯ ತುಂಡೂ ಎಲ್ಲ ದಿನ ನೆಚ್ಚಿಕೊಳ್ಳುವಂಥದ್ದಲ್ಲ ಎಂಬುದನ್ನು ಸೇರಿಸಬೇಕು. ಶುಕ್ರವಾರ ಸಂಜೆ ಮೈಸೂರಿನ ಕಡೆಗೆ, ಭಾನುವಾರ ಸಂಜೆ ಬೆಂಗಳೂರಿನ ಕಡೆಗೆ ವಾಹನಗಳ ಸಾಲು ಹನುಮಂತನ ಬಾಲವಾಗುತ್ತದೆ. ದಸರಾ ರಜೆಯಲ್ಲಿ ಟೋಲ್ ಗೇಟುಗಳ ಮುಂದೆ ಫಾಸ್ಟ್ಯಾಗ್ ಇದ್ದೂ ನಿಲ್ಲಬೇಕು. 2022ರ ಆಗಸ್ಟ್‌ನಲ್ಲಿ ರಾಮನಗರದ ಬಳಿ ಮಳೆ ನೀರು ರಸ್ತೆಯನ್ನೇ ಮುಳುಗಿಸಿ ಸಂಚಾರ ನಿಂತದ್ದು ಎಲ್ಲರಿಗೂ ನೆನಪಿದೆ. ಕಾವೇರಿ ನೀರಿನ ಹೋರಾಟ ಕಾವೇರಿದಾಗ ಮಂಡ್ಯದಲ್ಲಿ ಹೆದ್ದಾರಿ ತಡೆ ಆಗುತ್ತದೆ. ಬೆಳೆ ಒಣಗುತ್ತಿರುವ ರೈತ ತನ್ನ ಊರಿನ ಮುಂದಿನ ರಸ್ತೆಯಲ್ಲಿ ಕೂರುವುದನ್ನು ನಾನು ತಪ್ಪು ಎನ್ನಲಾರೆ. ಆದರೆ ಮೈಸೂರಿಗೂ ಮೈಸೂರಿನ ಆಚೆಗಿನ ಚಾಮರಾಜನಗರ, ಕೊಡಗುಗಳಿಗೂ ದೇವನಹಳ್ಳಿಗೆ ಹೋಗಲು ಮುಖ್ಯವಾಗಿ ಒಂದೇ ರಸ್ತೆ ಇದೆ ಎಂಬ ಸತ್ಯ ಅಂಥ ದಿನಗಳಲ್ಲಿ ಚೆನ್ನಾಗಿ ಅರಿವಿಗೆ ಬರುತ್ತದೆ.

ಹಾಗಾದರೆ ಮಂಡಕಳ್ಳಿಯಿಂದ ಹಾರಿಬಿಟ್ಟರೆ? ಎಲ್ಲರ ಮನಸ್ಸಿಗೂ ಮೊದಲು ಬರುವ ಪರಿಹಾರ ಇದು. ಇದನ್ನು ಒಂದಲ್ಲ, ಹಲವು ಸಲ ಮಾಡಿ ನೋಡಿಯಾಗಿದೆ. ಹೊಸ ಟರ್ಮಿನಲ್ ಉದ್ಘಾಟನೆಯಾದದ್ದು 2010ರ ಮೇ ತಿಂಗಳಲ್ಲಿ. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಿಂಗ್‌ಫಿಷರ್ ಬೆಂಗಳೂರಿಗೆ ಎಟಿಆರ್ ಎಂಬ ಚಿಕ್ಕ ಪ್ರೊಪೆಲ್ಲರ್ ವಿಮಾನ ಹಾರಿಸಿತು, ಮರುವರ್ಷ ನಿಂತಿತು. 2013ರಲ್ಲಿ ಸ್ಪೈಸ್‌ಜೆಟ್ ಬಂತು, ಉಳಿಯಲಿಲ್ಲ. 2015ರಲ್ಲಿ ಏರ್ ಇಂಡಿಯಾ ಬಳಗದ ವಿಮಾನ ಬಂದು ಕೆಲವೇ ತಿಂಗಳಲ್ಲಿ ಹೋಯಿತು. 2019ರಲ್ಲಿ ಕೇಂದ್ರ ಸರ್ಕಾರದ ಉಡಾನ್ ಯೋಜನೆಯ ನೆರವಿನೊಂದಿಗೆ ಅಲಯನ್ಸ್ ಏರ್ ಮತ್ತೆ ಶುರು ಮಾಡಿತು. ಪ್ರತಿ ಸಲ ನಿಂತಾಗಲೂ ಕಂಪನಿಯ ಸಾಲ, ಪ್ರಯಾಣಿಕರ ಕೊರತೆ, ಕೋವಿಡ್ ಹೀಗೆ ಒಂದೊಂದು ಕಾರಣ ಕೇಳಿಬಂತು. ಆ ಕಾರಣಗಳು ಇದ್ದದ್ದು ನಿಜ. ಆದರೆ ಇಷ್ಟು ಬೇರೆ ಬೇರೆ ಕಂಪನಿಗಳು ಒಂದೇ ದಾರಿಯಲ್ಲಿ ಸೋತಿದ್ದರೆ ತೊಡಕು ಆ ದಾರಿಯ ಉದ್ದದಲ್ಲೇ ಇದೆ ಎಂದು ಒಪ್ಪಬೇಕಾಗುತ್ತದೆ. 157 ಕಿ.ಮೀ. ವಿಮಾನಕ್ಕೆ ತೀರ ಕಡಿಮೆ.

ಇದು ಹೇಗೆ ಎಂದು ಸ್ವಲ್ಪ ವಿವರವಾಗಿ ನೋಡೋಣ. ಎಟಿಆರ್-72 ಮೇಲಿನ ಆಕಾಶದಲ್ಲಿ ಗಂಟೆಗೆ ಸುಮಾರು 500 ಕಿ.ಮೀ. ವೇಗದಲ್ಲಿ ಹಾರಬಲ್ಲದು. ಆ ಲೆಕ್ಕಕ್ಕೆ 157 ಕಿ.ಮೀ.ಗೆ ಇಪ್ಪತ್ತು ನಿಮಿಷ ಸಾಕು. ಆದರೆ ಆ ವೇಗ ಸಿಗುವುದು ಏರಿ ಮುಗಿದ ಮೇಲೆ, ಇಳಿಯಲು ತೊಡಗುವ ಮೊದಲು. ಈ ದಾರಿಯಲ್ಲಿ ಏರುವುದು ಮುಗಿಯುವಷ್ಟರಲ್ಲೇ ಇಳಿಯುವುದು ಶುರುವಾಗುತ್ತದೆ. ಇನ್ನೊಂದು ಸಂಗತಿ ನಕ್ಷೆಯ ಮೇಲಿನ ಗೆರೆಯಲ್ಲಿ ಕಾಣುವುದಿಲ್ಲ. ಮಂಡಕಳ್ಳಿಯ ರನ್‌ವೇ ಪೂರ್ವ–ಪಶ್ಚಿಮವಾಗಿದೆ. ದೇವನಹಳ್ಳಿಯ ಎರಡು ರನ್‌ವೇಗಳೂ ಪೂರ್ವ–ಪಶ್ಚಿಮವಾಗಿಯೇ ಇವೆ. ನಮ್ಮ ಕಡೆ ಮುಂಗಾರಿನಲ್ಲಿ ಗಾಳಿ ಪಶ್ಚಿಮದಿಂದ, ಹಿಂಗಾರಿನಲ್ಲಿ ಪೂರ್ವದಿಂದ ಬೀಸುವುದರಿಂದ ಹಾಗೆ ಕಟ್ಟುತ್ತಾರೆ. ಆದರೆ ಮೈಸೂರಿನಿಂದ ಬೆಂಗಳೂರು ಇರುವುದು ಈಶಾನ್ಯಕ್ಕೆ. ಮುಂಗಾರಿನ ದಿನ ವಿಮಾನ ಪಶ್ಚಿಮಕ್ಕೆ ಮುಖ ಮಾಡಿ ಏರಿ, ತಿರುಗಿ, ಬೆಂಗಳೂರನ್ನು ಬಳಸಿ ಪೂರ್ವಕ್ಕೆ ಹೋಗಿ, ಮತ್ತೆ ಪಶ್ಚಿಮಕ್ಕೆ ತಿರುಗಿ ಇಳಿಯಬೇಕು. ಅಲ್ಲಿ ಇಳಿಯಲು ಕಾದಿರುವ ದೊಡ್ಡ ವಿಮಾನಗಳ ಸಾಲಿನಲ್ಲಿ ತನ್ನ ಸರದಿಗೂ ಕಾಯಬೇಕು. ಇಳಿದ ಮೇಲೆ ನಾಲ್ಕು ಕಿ.ಮೀ. ಉದ್ದದ ರನ್‌ವೇಯಿಂದ ಟರ್ಮಿನಲ್‌ಗೆ ನಿಧಾನವಾಗಿ ಸಾಗಬೇಕು. ಹೀಗೆ ಇಪ್ಪತ್ತು ನಿಮಿಷದ ಹಾರಾಟ ವೇಳಾಪಟ್ಟಿಯಲ್ಲಿ ಹೆಚ್ಚುಕಡಿಮೆ ಒಂದು ಗಂಟೆಯಾಗುತ್ತದೆ.

ಈಗ ಮನೆಯಿಂದ ಮನೆಗೆ ಲೆಕ್ಕ ಹಾಕಿ. ಮೈಸೂರಿನ ಸರಸ್ವತಿಪುರಂನಿಂದ ಬೆಂಗಳೂರಿನ ಜಯನಗರಕ್ಕೆ ವಿಮಾನದಲ್ಲಿ ಹೋಗುವವರು ಮಂಡಕಳ್ಳಿಗೆ ಅರ್ಧ ಗಂಟೆ ಕೊಡಬೇಕು. ಅಲ್ಲಿ ಒಂದೂಕಾಲು ಗಂಟೆ ಮೊದಲೇ ಇರಬೇಕು. ವಿಮಾನಕ್ಕೆ ಒಂದು ಗಂಟೆ, ಇಳಿದು ಸಾಮಾನು ಹಿಡಿದು ಹೊರಬರಲು ಅರ್ಧ ಗಂಟೆ, ಅಲ್ಲಿಂದ ಜಯನಗರಕ್ಕೆ ಒಂದೂವರೆ ಗಂಟೆ. ಒಟ್ಟು ನಾಲ್ಕೂಮುಕ್ಕಾಲು ಗಂಟೆ. ಅದೇ ಮನೆಯಿಂದ ಅದೇ ಮನೆಗೆ ಕಾರಿನಲ್ಲಿ ಮೂರು ಗಂಟೆ. ಶತಾಬ್ದಿ ಅಥವಾ ವಂದೇ ಭಾರತ್ ರೈಲಿನಲ್ಲಿ ಸುಮಾರು ಎರಡು ಗಂಟೆಯಲ್ಲಿ ಬೆಂಗಳೂರು ನಿಲ್ದಾಣ, ಅಲ್ಲಿಂದ ಮೆಟ್ರೊ. ಬೆಂಗಳೂರಿಗೆ ಹೋಗಲೆಂದು ಮಂಡಕಳ್ಳಿಯಿಂದ ವಿಮಾನ ಹತ್ತುವವರು ಹೊತ್ತನ್ನು ಕಳೆದುಕೊಳ್ಳುತ್ತಾರೆಯೇ ಹೊರತು ಉಳಿಸುವುದಿಲ್ಲ.

ಬೆಂಗಳೂರಿನಿಂದ ಮುಂದಕ್ಕೆ ಹಾರುವವರ ವಿಷಯ ಬೇರೆ. ಅವರಿಗೆ ಜಯನಗರ ಬೇಕಿಲ್ಲ, ದೇವನಹಳ್ಳಿಯ ಮತ್ತೊಂದು ಗೇಟು ಬೇಕು. ಮನೆ ಬಿಟ್ಟ ಎರಡೂಮುಕ್ಕಾಲು ಗಂಟೆಯಲ್ಲಿ ಅವರು ಅಲ್ಲಿರುತ್ತಾರೆ, ಬೆಂಗಳೂರಿನ ಟ್ರಾಫಿಕ್ಕಿಗೆ ಹೆದರುವ ಪ್ರಮೇಯವೇ ಇಲ್ಲ. ಮೇಲೆ ಹೇಳಿದ ಎಪ್ಪತ್ತು ದಾಟಿದ ದಂಪತಿಗೆ ಇದು ವರವೇ ಸರಿ. ಆದರೆ ಇದಕ್ಕೆ ಒಂದು ಷರತ್ತು: ಎರಡೂ ವಿಮಾನಗಳು ಒಂದೇ ಟಿಕೆಟ್ಟಿನಲ್ಲಿರಬೇಕು. ಆಗ ಸಾಮಾನು ಮೈಸೂರಿನಲ್ಲೇ ಕೊನೆಯ ಊರಿಗೆ ಚೀಟಿ ಹಚ್ಚಿಸಿಕೊಳ್ಳುತ್ತದೆ, ಮೊದಲ ವಿಮಾನ ತಡವಾದರೆ ಮುಂದಿನದಕ್ಕೆ ವ್ಯವಸ್ಥೆ ಮಾಡುವ ಹೊಣೆ ಕಂಪನಿಯದು. ಬೇರೆ ಬೇರೆ ಟಿಕೆಟ್ಟಾದರೆ ಹೊರಗೆ ಬಂದು, ಸಾಮಾನು ತೆಗೆದುಕೊಂಡು, ಮತ್ತೆ ಸಾಲಿನಲ್ಲಿ ನಿಲ್ಲಬೇಕು; ವಿಮಾನ ತಪ್ಪಿದರೆ ಕೇಳುವವರಿಲ್ಲ. ಅಲಯನ್ಸ್ ಏರ್ ಆಗ ಏರ್ ಇಂಡಿಯಾದ ಅಂಗಸಂಸ್ಥೆಯಾಗಿತ್ತು. ಏರ್ ಇಂಡಿಯಾದ ದೊಡ್ಡ ಜಾಲಕ್ಕೆ ಪ್ರಯಾಣಿಕರನ್ನು ತಂದು ಸೇರಿಸಲು ಅದಕ್ಕೆ ಅವಕಾಶವಿತ್ತು. 2022ರ ಜನವರಿಯಲ್ಲಿ ಏರ್ ಇಂಡಿಯಾ ಟಾಟಾ ಸಮೂಹದ ಕೈಸೇರಿತು, ಅಲಯನ್ಸ್ ಏರ್ ಸರ್ಕಾರದ ಬಳಿಯೇ ಉಳಿಯಿತು. ಚಿಕ್ಕ ವಿಮಾನ ಒಬ್ಬರದು, ದೊಡ್ಡ ವಿಮಾನ ಇನ್ನೊಬ್ಬರದು ಎಂದಾದಾಗ ಇಂಥ ಚಿಕ್ಕ ದಾರಿಗಳಿಗೆ ಇದ್ದ ಒಂದೇ ಬಲವಾದ ಕಾರಣವೂ ಸಡಿಲವಾಯಿತು.

ಕಂಪನಿಯ ಕಡೆಯಿಂದಲೂ ನೋಡಬೇಕು. ಎಪ್ಪತ್ತು ಚಿಲ್ಲರೆ ಸೀಟಿನ ವಿಮಾನ ಮೈಸೂರಿಗೆ ಬಂದು ಹೋಗುವುದಕ್ಕೆ ಎರಡು ಎರಡೂವರೆ ಗಂಟೆ ಕಳೆಯುತ್ತದೆ. ಅಷ್ಟೇ ಹೊತ್ತಿನಲ್ಲಿ, ಅಷ್ಟೇ ಸಿಬ್ಬಂದಿಯಿಂದ, ಮುನ್ನೂರು ಕಿ.ಮೀ. ದೂರದ ಊರಿಗೆ ಹೋಗಿಬಂದು ಹೆಚ್ಚು ದರದ ಟಿಕೆಟ್ ಮಾರಬಹುದು. ವಿಮಾನ ಇಂಧನವನ್ನು ಅತಿ ಹೆಚ್ಚು ಕುಡಿಯುವುದು ಏರುವಾಗ. ಈ ದಾರಿಯಲ್ಲಿ ಅರ್ಧ ದಾರಿ ಏರುವುದೇ ಆಗಿರುತ್ತದೆ. ಇತ್ತ ಟಿಕೆಟ್ ದರ ಏರಿಸಲು ಬಾರದು, ಏಕೆಂದರೆ ಪಕ್ಕದಲ್ಲೇ ರೈಲು ಇದೆ, ಬಸ್ಸಿದೆ. ಉಡಾನ್ ಯೋಜನೆ ಆಯ್ದ ಸೀಟುಗಳ ದರಕ್ಕೆ ಮಿತಿ ಹಾಕಿ, ಕೊರತೆಯನ್ನು ಸರ್ಕಾರ ತುಂಬಿಕೊಡುವ ವ್ಯವಸ್ಥೆ ಮಾಡಿತು. ಆದರೆ ಆ ನೆರವಿನ ಅವಧಿ ಮೂರು ವರ್ಷ. ನೆರವು ಇರುವಷ್ಟು ದಿನ ಹಾರಿ, ಮುಗಿದ ಮೇಲೆ ನಿಲ್ಲುವ ದಾರಿಗಳು ದೇಶದ ಹಲವೆಡೆ ಇವೆ. ಮೈಸೂರು–ಬೆಂಗಳೂರು ಅಂಥದ್ದರಲ್ಲಿ ಒಂದಾದದ್ದರಲ್ಲಿ ಅಚ್ಚರಿಯಿಲ್ಲ.

ಮಂಡಕಳ್ಳಿಯಿಂದ ಹೆಚ್ಚು ಕಾಲ ನಡೆದ ದಾರಿಗಳು ಯಾವುವು ಎಂದು ನೋಡಿದರೆ ಉತ್ತರ ತಾನಾಗಿಯೇ ಸಿಗುತ್ತದೆ: ಚೆನ್ನೈ ಮತ್ತು ಹೈದರಾಬಾದ್. ಚೆನ್ನೈ ನೇರ ಗೆರೆಯಲ್ಲಿ ಸುಮಾರು 390 ಕಿ.ಮೀ., ಹೈದರಾಬಾದ್ ಸುಮಾರು 590. ಮೈಸೂರಿನಿಂದ ಹೈದರಾಬಾದಿಗೆ ರೈಲಿನಲ್ಲಿ ಒಂದು ರಾತ್ರಿ ಪೂರ್ತಿ ಹೋಗುತ್ತದೆ. ಎಟಿಆರ್‌ನಲ್ಲಿ ಎರಡು ಗಂಟೆಯೊಳಗೆ ಮುಗಿಯುತ್ತದೆ. ಅಲ್ಲಿ ವಿಮಾನ ನಿಜಕ್ಕೂ ಹೊತ್ತು ಉಳಿಸುತ್ತದೆ, ಜನ ಅದಕ್ಕೆ ದುಡ್ಡು ಕೊಡಲು ಸಿದ್ಧರಿದ್ದಾರೆ. ದೇವನಹಳ್ಳಿಗೆ ಹೋಗದೆ ಹೈದರಾಬಾದಿನಲ್ಲೇ ವಿಮಾನ ಬದಲಿಸಿ ದೆಹಲಿಗೋ ಪರದೇಶಕ್ಕೋ ಹೋಗುವ ದಾರಿಯೂ ತೆರೆಯುತ್ತದೆ. ಹೀಗಿರುವಾಗ ಮೈಸೂರಿಗೆ ಬೆಂಗಳೂರಿನ ವಿಮಾನ ಬೇಕು ಎಂದು ಮತ್ತೆ ಮತ್ತೆ ಮನವಿ ಪತ್ರ ಕೊಡುವುದಕ್ಕಿಂತ, ಬೆಂಗಳೂರನ್ನು ಬಿಟ್ಟು ಹೋಗುವ ವಿಮಾನ ಬೇಕು ಎಂದು ಪಟ್ಟು ಹಿಡಿಯುವುದು ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಅದಕ್ಕೆ ಅಡ್ಡಿ ಇರುವುದು ರನ್‌ವೇಯಲ್ಲಿ. ಮಹಾರಾಜರ ಆಳ್ವಿಕೆಯ ಕಾಲದಲ್ಲಿ, 1940ರಲ್ಲಿ ಶುರುವಾದ ಈ ನಿಲ್ದಾಣದ ರನ್‌ವೇ ಇಂದು 1,740 ಮೀಟರ್ ಉದ್ದವಿದೆ. ನೆಲ ಸಮುದ್ರಮಟ್ಟದಿಂದ ಏಳುನೂರು ಮೀಟರ್‌ಗೂ ಹೆಚ್ಚು ಎತ್ತರದಲ್ಲಿದೆ. ಎತ್ತರ ಹೆಚ್ಚಿದಂತೆ ಗಾಳಿ ತೆಳುವಾಗಿ ವಿಮಾನಕ್ಕೆ ಇನ್ನೂ ಉದ್ದದ ಓಟ ಬೇಕಾಗುತ್ತದೆ. ಏರ್‌ಬಸ್ 320, ಬೋಯಿಂಗ್ 737ರಂಥ ವಿಮಾನಗಳು ತುಂಬಿದ ಸೀಟುಗಳೊಂದಿಗೆ ಮುಂಬೈಗೋ ದೆಹಲಿಗೋ ಹಾರಲು ಇದು ಸಾಲದು. 2,750 ಮೀಟರ್‌ಗೆ ವಿಸ್ತರಿಸುವ ಯೋಜನೆ ಹಲವು ವರ್ಷಗಳಿಂದ ಇದೆ. ಇನ್ನೂರಕ್ಕೂ ಹೆಚ್ಚು ಎಕರೆ ಜಮೀನು ಬೇಕು. ಜೊತೆಗೆ ಮೈಸೂರು–ನಂಜನಗೂಡು ಹೆದ್ದಾರಿ ಅಡ್ಡ ಬರುತ್ತದೆ. ಆ ಹೆದ್ದಾರಿಯನ್ನು ರನ್‌ವೇ ಕೆಳಗೆ ಸುರಂಗವಾಗಿ ಒಯ್ಯಬೇಕೇ, ಬದಿಗೆ ತಿರುಗಿಸಬೇಕೇ ಎಂಬ ಚರ್ಚೆಯಲ್ಲೇ ವರ್ಷಗಳು ಉರುಳಿದವು. ಇದೇ ಅವಧಿಯಲ್ಲಿ ಕಲಬುರಗಿಯಲ್ಲಿ 2019ರಲ್ಲಿ, ಶಿವಮೊಗ್ಗದಲ್ಲಿ 2023ರಲ್ಲಿ ಮೂರು ಕಿ.ಮೀ. ಮೀರಿದ ರನ್‌ವೇಗಳು ಬಂದವು. ಆ ಊರುಗಳಿಗೆ ಸಿಕ್ಕಿದ್ದಕ್ಕೆ ಸಂತೋಷವೇ. ಆದರೆ ಪ್ರವಾಸಿಗರ ದೃಷ್ಟಿಯಿಂದ ರಾಜ್ಯದ ಮೊದಲ ಸಾಲಿನಲ್ಲಿರುವ ನಗರವೊಂದು ಎಟಿಆರ್‌ನ ಆಚೆ ಯೋಚಿಸಲಾಗದೆ ಕೂತಿರುವುದು ನೋವಿನ ಸಂಗತಿ.

ಬೆಂಗಳೂರಿನ ವಿಮಾನ ನಿಲ್ದಾಣದ ಒಪ್ಪಂದವೇ ಮೈಸೂರನ್ನು ಕಟ್ಟಿಹಾಕಿದೆ ಎಂಬ ಮಾತು ಆಗಾಗ ಕೇಳಿಬರುತ್ತದೆ. ಆ ಒಪ್ಪಂದದಲ್ಲಿ, ನಿಲ್ದಾಣ ತೆರೆದ ದಿನದಿಂದ 25 ವರ್ಷ, 150 ಕಿ.ಮೀ. ವೈಮಾನಿಕ ದೂರದೊಳಗೆ ಮತ್ತೊಂದು ಅಂತರರಾಷ್ಟ್ರೀಯ ನಿಲ್ದಾಣ ಬರಬಾರದು ಎಂಬ ಷರತ್ತಿರುವುದು ನಿಜ. ದೇವನಹಳ್ಳಿ ನಿಲ್ದಾಣ 2008ರ ಮೇನಲ್ಲಿ ತೆರೆಯಿತು, ಹಾಗಾಗಿ ಷರತ್ತು 2033ರವರೆಗೆ ಇರುತ್ತದೆ. ಆದರೆ ಅದೇ ಷರತ್ತಿನಲ್ಲಿ ಮೈಸೂರು ಮತ್ತು ಹಾಸನಕ್ಕೆ ಹೆಸರು ಹೇಳಿಯೇ ವಿನಾಯಿತಿ ಕೊಡಲಾಗಿದೆ. ನೇರ ಗೆರೆಯ 157 ಕಿ.ಮೀ. ಲೆಕ್ಕದಲ್ಲೂ ಮಂಡಕಳ್ಳಿ ಆ ವೃತ್ತದ ಹೊರಗೇ ಬೀಳುತ್ತದೆ. ಮೈಸೂರಿನ ಕೈ ಕಟ್ಟಿರುವುದು ಆ ಕಾಗದವಲ್ಲ. ಜಮೀನು, ಹೆದ್ದಾರಿ, ಹಣ ಈ ಮೂರನ್ನು ಒಂದೇ ವೇಳೆಗೆ ಒಂದೇ ಮೇಜಿನ ಮೇಲೆ ತರುವವರು ಇಲ್ಲದಿರುವುದು.

ಇದೇ ಅಂತರವನ್ನು ಪಶ್ಚಿಮಕ್ಕೆ ತಿರುಗಿಸಿ ನೋಡಿದರೆ ದೂರ ಎಂಬುದಕ್ಕೆ ಬೇರೆಯೇ ಅರ್ಥ ಬರುತ್ತದೆ. ಮಂಡಕಳ್ಳಿಯಿಂದ ಕೇರಳದ ಮಟ್ಟನ್ನೂರಿನಲ್ಲಿರುವ ಕಣ್ಣೂರು ವಿಮಾನ ನಿಲ್ದಾಣಕ್ಕೆ ನೇರ ಗೆರೆಯಲ್ಲಿ ಸುಮಾರು 126 ಕಿ.ಮೀ. ದೇವನಹಳ್ಳಿಗಿಂತ ಮೂವತ್ತು ಕಿ.ಮೀ. ಹತ್ತಿರ. 2018ರ ಡಿಸೆಂಬರ್‌ನಲ್ಲಿ ತೆರೆದ ಆ ನಿಲ್ದಾಣಕ್ಕೆ 3,050 ಮೀಟರ್ ರನ್‌ವೇ ಇದೆ, ಗಲ್ಫ್ ದೇಶಗಳಿಗೆ ನೇರ ವಿಮಾನಗಳಿವೆ. ಮೈಸೂರಿನಿಂದ ಹುಣಸೂರು, ಗೋಣಿಕೊಪ್ಪ, ವಿರಾಜಪೇಟೆ ದಾಟಿ ಮಾಕುಟ್ಟದ ಘಾಟಿ ಇಳಿದು ಇರಿಟ್ಟಿ ಮೇಲೆ ಹೋದರೆ ರಸ್ತೆ 160–170 ಕಿ.ಮೀ. ದೂರ ಕಡಿಮೆಯಾದರೂ ನಾಲ್ಕು ಗಂಟೆ ಬೇಕು. ಮಾಕುಟ್ಟದ ಕಾಡಿನ ದಾರಿ ಎರಡು ವಾಹನ ಎದುರಾದರೆ ನಿಧಾನಿಸಲೇಬೇಕಾದಂಥದ್ದು. 2018ರ ಜೂನ್‌ನ ಮಳೆಯಲ್ಲಿ ಭೂಕುಸಿತದಿಂದ ಮುಚ್ಚಿಹೋಗಿದ್ದ ಈ ರಸ್ತೆಯಲ್ಲಿ ಆಮೇಲಿನ ಮಳೆಗಾಲಗಳಲ್ಲೂ ಭಾರಿ ವಾಹನಗಳಿಗೆ ನಿರ್ಬಂಧ ಬಂದಿತ್ತು. ಆದರೂ ಬೇಸಿಗೆಯ ಒಂದು ದಿನ ಮಾಕುಟ್ಟದ ನಾಲ್ಕು ಗಂಟೆಯನ್ನು ಬೆಂಗಳೂರಿನ ನಾಲ್ಕು ಗಂಟೆಗಿಂತ ಹೆಚ್ಚು ನೆಚ್ಚಿಕೊಳ್ಳಬಹುದು, ಏಕೆಂದರೆ ಅದು ನಾಲ್ಕೇ ಗಂಟೆ, ಸಂಜೆಯಾದರೆ ಆರಾಗುವುದಿಲ್ಲ. ದಕ್ಷಿಣ ಕೊಡಗಿನ ಜನ, ಅದರಲ್ಲೂ ಗಲ್ಫ್‌ನಲ್ಲಿ ದುಡಿಯುವವರ ಕುಟುಂಬಗಳು ಕಣ್ಣೂರಿನ ಕಡೆ ನೋಡುವುದು ಸಹಜ. ಇತ್ತ ಈ ಕಾಡುಗಳ ನಡುವೆ ಹೊಸ ಹೆದ್ದಾರಿ ಕೊರೆದು ಹೊತ್ತು ಉಳಿಸೋಣ ಎನ್ನುವವರೂ ಇದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ. ಬಂಡೀಪುರದಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನ ನಿಲ್ಲಿಸಿ ನಾವು ಉಳಿಸಿಕೊಂಡದ್ದನ್ನು ಒಂದು ಗಂಟೆಯ ಆಸೆಗೆ ಇನ್ನೊಂದು ಕಡೆ ಕಳೆದುಕೊಳ್ಳಬಾರದು.

ಮಂಡ್ಯದ ಮಾತು ಇನ್ನೂ ವಿಚಿತ್ರ. ಜಿಲ್ಲೆಯಲ್ಲಿ ವಿಮಾನ ನಿಲ್ದಾಣವಿಲ್ಲ, ಬೇಕಾಗಿಯೂ ಇಲ್ಲ. ಮಂಡ್ಯ ನಗರದಿಂದ ಮೈಸೂರಿಗೆ 45 ಕಿ.ಮೀ., ಮಂಡಕಳ್ಳಿಗೆ ಒಂದು ಗಂಟೆಯ ದಾರಿ. ದೇವನಹಳ್ಳಿ ಅದರ ಎರಡೂವರೆ ಪಟ್ಟು ದೂರ. ಆದರೂ ವಿಮಾನ ಹತ್ತುವ ಮಂಡ್ಯದವರು ದೇವನಹಳ್ಳಿಗೇ ಹೋಗುತ್ತಾರೆ, ಏಕೆಂದರೆ ಮಂಡಕಳ್ಳಿಯಲ್ಲಿ ಅವರಿಗೆ ಬೇಕಾದ ಊರಿನ ವಿಮಾನ ಇಲ್ಲ. ಬೆಂಗಳೂರಿನ ಎರಡನೇ ವಿಮಾನ ನಿಲ್ದಾಣಕ್ಕೆ ಕನಕಪುರ ರಸ್ತೆಯ ಎರಡು ಜಾಗಗಳು, ನೆಲಮಂಗಲ–ಕುಣಿಗಲ್ ರಸ್ತೆಯ ಒಂದು ಜಾಗ ಪರಿಶೀಲನೆಗೆ ಬಂದವು. ವಿಮಾನ ನಿಲ್ದಾಣ ಪ್ರಾಧಿಕಾರದ ತಂಡ 2025ರ ಏಪ್ರಿಲ್‌ನಲ್ಲಿ ಬಂದು ನೋಡಿಹೋಯಿತು. ಇವುಗಳಲ್ಲಿ ಯಾವುದೇ ಆದರೂ ಮಂಡ್ಯಕ್ಕೆ, ಮೈಸೂರಿಗೆ ಈಗಿನದಕ್ಕಿಂತ ಬಹಳ ಹತ್ತಿರ. ನಗರವನ್ನು ಮೂಲೆಯಿಂದ ಮೂಲೆಗೆ ದಾಟುವ ಕಷ್ಟ ತಪ್ಪುತ್ತದೆ. ಜಾಗ ಆರಿಸುವಾಗ ಬೆಂಗಳೂರಿನ ಲೆಕ್ಕವೊಂದನ್ನೇ ಹಾಕದೆ ಈ ಎರಡು ಜಿಲ್ಲೆಗಳ ಲೆಕ್ಕವನ್ನೂ ಹಾಕಬೇಕೆಂದು ಇಲ್ಲಿನ ಜನಪ್ರತಿನಿಧಿಗಳು ಕೇಳಬೇಕು. ಆದರೆ ಅದು ವರ್ಷಗಳ ಮುಂದಿನ ಮಾತು.

ಅಲ್ಲಿಯವರೆಗೆ ಏನು ಮಾಡಬಹುದು? ಮೆಟ್ರೊ ನಮಗೆ ಅಷ್ಟಾಗಿ ಒದಗುವುದಿಲ್ಲ. ನೇರಳೆ ಮಾರ್ಗ ಮೈಸೂರು ರಸ್ತೆಯ ಚಲ್ಲಘಟ್ಟದವರೆಗೆ 2023ರಲ್ಲಿ ಬಂದಿದೆ, ಆದರೆ ವಿಮಾನ ನಿಲ್ದಾಣಕ್ಕೆ ಕಟ್ಟುತ್ತಿರುವ ನೀಲಿ ಮಾರ್ಗ ಅದನ್ನು ಸಂಧಿಸುವುದು ನಗರದ ಆಚೆ ಬದಿಯ ಕೆ.ಆರ್. ಪುರದಲ್ಲಿ. ಸೂಟ್‌ಕೇಸ್ ಹಿಡಿದು ನಗರದ ಉದ್ದಕ್ಕೂ ನಿಂತು ಹೋಗುವುದು ವಯಸ್ಸಾದವರಿಗೆ ಆಗದ ಮಾತು. ರಸ್ತೆಯಲ್ಲಿ ನಿಜವಾದ ಆಸೆ ಇರುವುದು ಬೆಂಗಳೂರಿನ ಸುತ್ತಲಿನ ಊರುಗಳನ್ನು ಬೆಸೆಯುವ ಉಪನಗರ ವರ್ತುಲ ರಸ್ತೆಯಲ್ಲಿ. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ಮೇಲೆ ಹೊಸಕೋಟೆಗೆ ಹೋಗುವ ಭಾಗ ಆಗಲೇ ತೆರೆದಿದೆ. ರಾಮನಗರದಿಂದ ಮಾಗಡಿ ಮೇಲೆ ದಾಬಸ್‌ಪೇಟೆಗೆ ಸೇರುವ ಭಾಗ ಮುಗಿದರೆ ಮೈಸೂರಿನವರು ರಾಮನಗರದಲ್ಲೇ ಎಡಕ್ಕೆ ತಿರುಗಿ, ಬೆಂಗಳೂರನ್ನು ಮುಟ್ಟದೆ ದೇವನಹಳ್ಳಿಗೆ ಹೋಗಬಹುದು. ಕಿಲೋಮೀಟರ್ ಸ್ವಲ್ಪ ಹೆಚ್ಚಾಗಬಹುದು. ಆದರೆ ಬೆಳಿಗ್ಗೆಯೂ ಅಷ್ಟೇ ಹೊತ್ತು, ಸಂಜೆಯೂ ಅಷ್ಟೇ ಹೊತ್ತು. ಫ್ಲೈಬಸ್ ಆ ದಾರಿ ಹಿಡಿದರೆ ಐದೂವರೆ ಗಂಟೆಯ ಭಯ ಇಲ್ಲವಾಗುತ್ತದೆ. ಮೈಸೂರಿನ ಮಟ್ಟಿಗೆ ಈ ತುಂಡು ರಸ್ತೆ ಇನ್ನೊಂದು ಮೇಲ್ಸೇತುವೆಗಿಂತ ತುರ್ತಿನದು.

ರೈಲು ಇನ್ನೂ ಬೇಗ ಆಗಬಹುದಾದ ಕೆಲಸ, ಅದರ ಬಗ್ಗೆ ಯಾರೂ ಮಾತನಾಡದಿರುವುದು ನನಗೆ ಅರ್ಥವಾಗುವುದಿಲ್ಲ. ಮೈಸೂರು–ಬೆಂಗಳೂರು ನಡುವೆ ಜೋಡಿ ಹಳಿ ಇದೆ, ವಿದ್ಯುದೀಕರಣ ಆಗಿದೆ. ಯಲಹಂಕ–ಚಿಕ್ಕಬಳ್ಳಾಪುರ ಮಾರ್ಗದಲ್ಲಿ, ವಿಮಾನ ನಿಲ್ದಾಣದ ಕಾಂಪೌಂಡಿನ ಪಕ್ಕದಲ್ಲೇ ಒಂದು ಹಾಲ್ಟ್ ಸ್ಟೇಷನ್ 2021ರ ಜನವರಿಯಲ್ಲಿ ಶುರುವಾಗಿದೆ. ಅಲ್ಲಿಂದ ಟರ್ಮಿನಲ್‌ಗೆ ಕೆಲವೇ ಕಿ.ಮೀ. ಮೈಸೂರಿನಿಂದ ಆ ಹಾಲ್ಟ್‌ವರೆಗೆ ಹೊಸ ಹಳಿಯ ಅಗತ್ಯವಿಲ್ಲ. ನಡುವೆ ಯಲಹಂಕದಿಂದಾಚೆ ಒಂದೇ ಹಳಿ ಇರುವುದರಿಂದ ವೇಳಾಪಟ್ಟಿಯಲ್ಲಿ ಜಾಗ ಬಿಡಿಸಿಕೊಳ್ಳಬೇಕು, ಅಷ್ಟೇ. ಬೆಂಗಳೂರಿಗೆ ಎರಡು ಗಂಟೆ, ಅಲ್ಲಿಂದ ಹಾಲ್ಟ್‌ಗೆ ಒಂದೂಕಾಲು ಗಂಟೆ, ಬಸ್ಸಿಗೆ ಕಾಲು ಗಂಟೆ ಎಂದಿಟ್ಟುಕೊಂಡರೂ ಮೂರೂವರೆ ಗಂಟೆ. ಒಳ್ಳೆಯ ದಿನದ ಕಾರಿನಷ್ಟೇ ಹೊತ್ತು, ಯಾವ ದಿನವಾದರೂ. ಮಂಡ್ಯ, ಮದ್ದೂರು, ಚನ್ನಪಟ್ಟಣ, ರಾಮನಗರದವರಿಗೂ ಅದೇ ರೈಲು. ಬೆಳಗಿನ ವಿಮಾನಗಳಿಗೆ ಹೊಂದುವಂತೆ ರಾತ್ರಿ ಎರಡೂವರೆಗೆ ಮೈಸೂರು ಬಿಡುವುದು ಒಂದು, ನಡುರಾತ್ರಿಯ ಅಂತರರಾಷ್ಟ್ರೀಯ ವಿಮಾನಗಳಿಗೆ ಹೊಂದುವಂತೆ ಸಂಜೆ ಐದಕ್ಕೆ ಬಿಡುವುದು ಇನ್ನೊಂದು, ಹೀಗೆ ಎರಡು ರೈಲು ಕೊಟ್ಟರೆ ಸಾಕು. ಸಾಮಾನಿಗೆ ಜಾಗವಿರುವ ಬೋಗಿಗಳು, ರೈಲು ತಡವಾದರೆ ಹಾಲ್ಟ್‌ನಲ್ಲಿ ಕಾಯುವ ಬಸ್ಸು, ರಾತ್ರಿ ಹೊತ್ತು ಅಲ್ಲಿ ಬೆಳಕು ಮತ್ತು ಕಾವಲು ಇವಿಷ್ಟು ಜೊತೆಗಿರಬೇಕು. ನೈಋತ್ಯ ರೈಲ್ವೆಯ ಮೈಸೂರು ಮತ್ತು ಬೆಂಗಳೂರು ವಿಭಾಗಗಳು ಒಟ್ಟಿಗೆ ಕುಳಿತು ಮುಂದಿನ ವೇಳಾಪಟ್ಟಿಯಲ್ಲೇ ಇದನ್ನು ಸೇರಿಸಬಹುದು. ಮಂಡಕಳ್ಳಿಯ ರನ್‌ವೇಗೆ ಜಮೀನು ಸಿಗುವವರೆಗೆ ಕಾಯಬೇಕಾದ ಕೆಲಸ ಇದಲ್ಲ.